ದೊಡ್ಡಬಳ್ಳಾಪುರದಲ್ಲಿ ಏಳು ಗಂಟೆಗೇ ಎಂಟಾದದ್ದು

ಕಂಪ್ಯೂಟರ್ ಪರದೆಯ ಮೇಲೆ ಏನಾದರೂ ಸೂಚನೆ ಬಂದರೆ ನಾನು ಓದುವುದಿಲ್ಲ, ‘ಓಕೆ’ ಒತ್ತಿಬಿಡುತ್ತೇನೆ. ನೀವೂ ಅಷ್ಟೇ, ನನಗೆ ಗೊತ್ತು. ಪುರೋಹಿತರು ‘ಮಮ ಅನ್ನಿ’ ಅಂದಾಗ ಅರ್ಥ ಕೇಳಿದವರು ಯಾರಿದ್ದಾರೆ? ಆದರೆ ನನ್ನ ಒಂದು ‘ಓಕೆ’ಯಿಂದ ದೊಡ್ಡಬಳ್ಳಾಪುರದ ಒಂದು ಬೀದಿಗೆ ಬೀದಿಯೇ ಅರ್ಧ ಬೋಳಿಸಿದ ಗಡ್ಡದಲ್ಲಿ ಓಡಿತು. ಮುನಿಶಾಮಪ್ಪ ಎಂಬ ಮರ್ಯಾದಸ್ಥರ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾಗುವುದರಲ್ಲಿತ್ತು. ಇದನ್ನು ಯಾರ ಹತ್ತಿರವಾದರೂ ಹೇಳಿಕೊಂಡು ಹಗುರಾಗಬೇಕು.

ತೊಂಬತ್ತರ ದಶಕದ ಕೊನೆಯ ಮಾತು. ನೆಲಮಂಗಲದಿಂದ ಮೊದಲ ಬಸ್ಸು ಹಿಡಿದು ಅಲ್ಲಿನ ಒಂದು ರೇಷ್ಮೆ ಸೀರೆ ಕಾರ್ಖಾನೆಗೆ ಹೋಗುತ್ತಿದ್ದೆ. ಮಗ್ಗಗಳ ಸದ್ದಿನ ನಡುವೆ ಒಂದು ಗಾಜಿನ ಕೋಣೆ, ಅದರಲ್ಲಿ ನಾಲ್ಕು ಕಂಪ್ಯೂಟರು, ಅವಕ್ಕೆ ನಾನೇ ಪೂಜಾರಿ. ಬೆಳಗಿನ ಪಾಳಿ ಶುರುವಾಗುವ ಮೊದಲು ಹಾಜರಿ ಹಾಳೆ ಮುದ್ರಿಸುವುದು ನನ್ನ ಕೆಲಸ. ಎಂಟಕ್ಕೆ ಸರಿಯಾಗಿ ಸೈರನ್ ಕೂಗಿಸುವುದು ಗೇಟಿನ ಮುನಿಶಾಮಪ್ಪನವರ ಕೆಲಸ. ಆ ಕೂಗು ಕೇಳಿಯೇ ಬೀದಿಯವರು ಒಲೆಯಿಂದ ಮುದ್ದೆ ಇಳಿಸುತ್ತಿದ್ದರು, ಮಕ್ಕಳಿಗೆ ಜಡೆ ಹಾಕುತ್ತಿದ್ದರು. ಇಪ್ಪತ್ತು ವರ್ಷ ಅವರು ಗೋಡೆಯ ಲೋಲಕದ ಗಡಿಯಾರ ನೋಡಿ ಕೂಗಿಸಿದವರು. ಕಂಪ್ಯೂಟರು ಬಂದ ಮೇಲೆ ಯಜಮಾನರು, “ಇನ್ಮೇಲೆ ಕಂಪ್ಯೂಟರ್ ಟೈಮೇ ಟೈಮು” ಅಂದರು. ನಾನೂ ಜಂಬದಿಂದ ಕೈಗಡಿಯಾರ ಬಿಚ್ಚಿ ಪೆಟ್ಟಿಗೆಗೆ ಹಾಕಿದೆ.

ಜಂಬಕ್ಕೆ ಕಾರಣವಿತ್ತು. ನಾಲ್ಕಕ್ಕೂ ತಂತಿಯ ನಂಟು. ದೊಡ್ಡದೊಂದು ಯಜಮಾನ, ಉಳಿದ ಮೂರು ಕಣ್ಣು ಬಿಟ್ಟ ಕೂಡಲೇ ಅದನ್ನು ‘ಗಂಟೆ ಎಷ್ಟು’ ಎಂದು ಕೇಳಿ ತಮ್ಮದನ್ನು ತಿದ್ದಿಕೊಳ್ಳುತ್ತಿದ್ದವು. ನಮ್ಮ ಮನೆಯಲ್ಲಿ ಮೂರು ಗಡಿಯಾರಗಳಿದ್ದವು, ಒಂದು ದಿನವೂ ಒಂದರ ಮಾತು ಇನ್ನೊಂದು ಒಪ್ಪಿದ್ದಿಲ್ಲ. ಇಲ್ಲಿ ನೋಡಿದರೆ ನಾಲ್ಕೂ ಒಂದೇ ಮಾತು. ಎಂಥ ಸಂಸಾರ!

ಏಪ್ರಿಲಿನ ಮೊದಲ ಸೋಮವಾರ. ದಾರಿಯಲ್ಲಿ ಬಸ್ಸಿನ ಟೈರು ಪಂಕ್ಚರ್ ಆಗಿ ನಿಂತಿತು, ನಾನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದೆ. ಕಾರ್ಖಾನೆಗೆ ಬಂದು ದೊಡ್ಡ ಕಂಪ್ಯೂಟರ್ ಹಚ್ಚಿದರೆ ಏನೋ ಸೂಚನೆ ಬಂತು. ಓಕೆ. ಗಂಟೆ ನೋಡುತ್ತೇನೆ, ಎಂಟಕ್ಕೆ ಐದು ನಿಮಿಷ! ಅಯ್ಯೋ ಶಿವನೇ, ಟೈರು ಬದಲಿಸಲು ಒಂದು ಗಂಟೆ ಹಿಡಿಯಿತೇ? ಉಳಿದ ಮೂರನ್ನೂ ಹಚ್ಚಿದೆ. ಅವೂ ಅದನ್ನೇ ಹೇಳಿದವು. ಗೇಟಿಗೆ ಓಡಿದೆ.

“ಮುನಿಶಾಮಪ್ಪನೋರೇ, ಎಂಟಾಯ್ತು, ಕೂಗಿಸಿ!”

ಅವರು ಗೋಡೆ ತೋರಿಸಿದರು. “ಏಳಕ್ಕೇ ಇನ್ನೂ ಐದು ನಿಮಿಷ ಐತಲ್ಲ ಸ್ವಾಮಿ.”

“ಅದು ನಿಂತೋಗಿರುತ್ತೆ ಬಿಡಿ.”

“ಲೋಲಕ ಆಡ್ತಾ ಐತೆ.”

“ನಾಲ್ಕು ಕಂಪ್ಯೂಟರ್ ಸುಳ್ಳು ಹೇಳ್ತವಾ?”

ಗೇಟಿನಾಚೆ ಜನ ಇನ್ನೂ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ನಿಂತಿದ್ದರು. ಅದನ್ನು ನಾನು ಕಂಡೂ ನೋಡಲಿಲ್ಲ. ಮುನಿಶಾಮಪ್ಪ ನಿಟ್ಟುಸಿರು ಬಿಟ್ಟು ಗುಂಡಿ ಒತ್ತಿದರು.

ಆಮೇಲೆ ಆದದ್ದನ್ನು ಏನು ಹೇಳಲಿ! ರಾತ್ರಿ ಪಾಳಿಯವರು ಖುಷಿಯಿಂದ ಮನೆಗೆ ಹೊರಟರು. ಹಗಲು ಪಾಳಿಯವರು ಎದ್ದೆವೋ ಬಿದ್ದೆವೋ ಎಂದು ಓಡಿ ಬಂದರು. ಒಬ್ಬರ ಒಂದು ಕೆನ್ನೆಯಲ್ಲಿ ಸೋಪಿನ ನೊರೆ ಇನ್ನೂ ಇತ್ತು. ಮಕ್ಕಳು ಬೀಗ ಹಾಕಿದ ಶಾಲೆಯ ಮುಂದೆ ನಿಂತವು. ಬೀದಿಯ ಹೆಂಗಸರೆಲ್ಲ ಅರೆಬೆಂದ ಮುದ್ದೆಯ ಶಾಪ ಹಾಕಿದ್ದು ಮುನಿಶಾಮಪ್ಪನವರಿಗೆ.

ಯಜಮಾನರು ಅವರನ್ನು ಕರೆಸಿದರು. ನಾನು ಗಾಜಿನ ಕೋಣೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡೆ. “ವಯಸ್ಸಾಯ್ತು ಕಣಯ್ಯಾ ನಿಂಗೆ. ಸೈರನ್ ಬೀಗದ ಕೈ ಕೊಟ್ಬಿಡು.” ಮುನಿಶಾಮಪ್ಪನವರು ನನ್ನ ಹೆಸರು ಎತ್ತಲಿಲ್ಲ. “ನಾನು ನೋಡ್ಕೊಬೇಕಿತ್ತು ಬುದ್ಧಿ” ಎಂದು ಸೊಂಟದಿಂದ ಬೀಗದ ಕೈ ಬಿಚ್ಚತೊಡಗಿದರು. ಗಂಟು ಬೇಗ ಬಿಚ್ಚಲಿಲ್ಲ, ಇಪ್ಪತ್ತು ವರ್ಷದ ಗಂಟು. ನನಗೆ ತಡೆಯಲಾಗಲಿಲ್ಲ. ಒಳಗೆ ನುಗ್ಗಿ, “ತಪ್ಪು ನಂದು ಸಾರ್, ಎಂಟಾಯ್ತು ಅಂದೋನು ನಾನು” ಅಂದುಬಿಟ್ಟೆ. ಯಜಮಾನರು ಇಬ್ಬರನ್ನೂ ನೋಡಿ, “ಬೀಗದ ಕೈ ನಿನ್ನತ್ರಾನೇ ಇರ್ಲಿ. ಆದ್ರೆ ಇನ್ನೊಂದ್ಸಲ ತಪ್ಪಿದ್ರೆ ಇಲ್ಲ” ಎಂದರು. ಅದನ್ನೂ ಹೇಳಿದ್ದು ಮುನಿಶಾಮಪ್ಪನವರಿಗೇ!

ಕಂಪ್ಯೂಟರ್ ಕೊಟ್ಟವರಿಗೆ ಫೋನು ಮಾಡಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಂತ್ರ ಬರುವಾಗಲೇ ಅಮೆರಿಕದ ಯಾವುದೋ ಊರನ್ನು ತನ್ನೂರು ಅಂದುಕೊಂಡು ಬಂದಿತ್ತಂತೆ. ಬಂದ ದಿನ ನಾನು ಗಂಟೆಯನ್ನು ತಿದ್ದಿದ್ದೆ, ಊರನ್ನು ತಿದ್ದಿರಲಿಲ್ಲ. ಆ ದೇಶದಲ್ಲಿ ಬೇಸಿಗೆ ಸಂಜೆಯ ಬೆಳಕು ವ್ಯರ್ಥವಾಗಬಾರದೆಂದು ಏಪ್ರಿಲಿನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ, ಅಕ್ಟೋಬರಿನಲ್ಲಿ ಹಿಂದಕ್ಕೆ ಎಳೆಯುತ್ತಾರೆ. ದೊಡ್ಡದು ಅದನ್ನೇ ಮಾಡಿತ್ತು, ನಾನು ಓದದೆ ಓಕೆ ಒತ್ತಿದ ಸೂಚನೆಯೂ ಅದೇ, ಚಿಕ್ಕವು ಹೌದಪ್ಪ ಅಂದಿದ್ದವು. ಮುನಿಶಾಮಪ್ಪನವರಿಗೆ ಇದನ್ನು ವಿವರಿಸಿದೆ. “ಅಲ್ಲಾ ಸ್ವಾಮಿ, ಬೇಗ ಏಳ್ಬೇಕು ಅಂದ್ರೆ ಬೇಗ ಎದ್ರಾಯ್ತಪ್ಪ. ಗಡಿಯಾರಕ್ಕ್ಯಾಕೆ ಮೋಸ ಮಾಡ್ಬೇಕು?” ಅಂದರು.

ಆವತ್ತು ಗಂಟೆಯನ್ನೇನೋ ಹಿಂದಕ್ಕೆ ತಿರುಗಿಸಿದೆ. ಊರು ಬದಲಿಸುವುದು ನಾಳೆ ಆದೀತು ಅಂದುಕೊಂಡೆ. ಆ ದಿನಗಳಲ್ಲಿ ದೆವ್ವಕ್ಕೆ ಹೆದರಿ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಹಾಗೆ. ನನ್ನ ದೆವ್ವ ಓದುಬರಹದ ಜೊತೆ ಕ್ಯಾಲೆಂಡರನ್ನೂ ಬಲ್ಲದ್ದು. ಅಕ್ಟೋಬರಿನ ಕೊನೆಯ ಸೋಮವಾರ ಸರಿಯಾಗಿ ಬಂತು.

ಆ ದಿನವೂ ಕಂಪ್ಯೂಟರ್ ಹಚ್ಚಿದೆ, ಓಕೆ ಒತ್ತಿದೆ, ಹಾಜರಿ ಹಾಳೆ ಮುದ್ರಿಸಿಟ್ಟು ಟೀ ಕುಡಿಯಲು ಹೋದೆ. ವಾಪಸು ಬಂದು ಕೂರುವಷ್ಟರಲ್ಲಿ ಸೈರನ್ ಕೂಗಿತು. ಪರದೆ ನೋಡಿದರೆ ಏಳು! ನಾಲ್ಕರಲ್ಲೂ ಏಳು! ಮುನಿಶಾಮಪ್ಪನವರ ಬೀಗದ ಕೈ ಹೋಯಿತಲ್ಲಪ್ಪಾ ಎಂದು ಎದೆ ಬಡಿದುಕೊಳ್ಳುತ್ತಾ ಓಡಿದೆ.

“ಏನ್ ಮಾಡ್ಬಿಟ್ರಿ? ಇನ್ನೂ ಏಳು!”

ಅವರು ಅಲುಗಾಡಲಿಲ್ಲ, ಗೇಟಿನಾಚೆ ಕೈ ತೋರಿಸಿದರು. ಮಕ್ಕಳು ಚೀಲ ಹೊತ್ತು ಹೋಗುತ್ತಿದ್ದವು. ಹೂವಿನವಳ ಬುಟ್ಟಿ ಅರ್ಧ ಖಾಲಿ. ಎಲ್ಲರ ಎರಡೂ ಕೆನ್ನೆ ನುಣ್ಣಗೆ.

“ಆವತ್ತಿಂದ ಬೀದಿ ನೋಡ್ದೆ ಗುಂಡಿ ಮುಟ್ಟಲ್ಲ ಸ್ವಾಮಿ. ನಿಮ್ಮ ಮೂರು ಕಂಪ್ಯೂಟರೂ ಒಬ್ಬನ್ನೇ ಕೇಳ್ತವೆ. ನಾನು ಎಲ್ಲಾರನ್ನೂ ಕೇಳ್ತೀನಿ.”

ಬೀದಿಯವರು ಮಾತ್ರ ಎಂದಿನಂತೆ ಸೈರನ್ ಕೇಳಿಯೇ ಗಂಟೆ ತಿಳಿಯುತ್ತಿದ್ದರು. ಸೈರನ್ ತಮ್ಮನ್ನು ನೋಡಿ ಕೂಗುತ್ತಿದೆ ಎಂಬ ಗುಟ್ಟನ್ನು ನಾನು ಅವರಿಗೆ ಹೇಳಲು ಹೋಗಲಿಲ್ಲ. ಒಳಗೆ ಬಂದು ಮೊದಲು ಕಂಪ್ಯೂಟರಿನ ಊರು ಬದಲಿಸಿದೆ. ಆಮೇಲೆ ಪೆಟ್ಟಿಗೆಯಿಂದ ಕೈಗಡಿಯಾರ ತೆಗೆದು, ಮರುದಿನ ಮುನಿಶಾಮಪ್ಪನವರ ಕೂಗಿಗೆ ಕಾದು ಕುಳಿತು ಮುಳ್ಳು ತಿರುಗಿಸಿಕೊಂಡೆ.