ಹತ್ತು ನಿಮಿಷ ಮುಂದಿದ್ದ ಗಡಿಯಾರ

ಅವರ ಬಲ ಅಂಗೈ ಸದಾ ಯಾವುದಾದರೊಂದು ಯಂತ್ರದ ಮೇಲೆ ಇರುತ್ತಿತ್ತು. ಕಂಪ್ಯೂಟರಿನ ಬೆನ್ನು, ಪ್ರಿಂಟರಿನ ನೆತ್ತಿ, ಕೊನೆಗೆ ಚಹಾದ ಥರ್ಮಾಸು ಕೂಡ. ಕುಮಾರಪಟ್ಟಣದಲ್ಲಿ ಕಾರ್ಖಾನೆಯ ಪಾಳಿ ನಡೆಸಿ ನಿವೃತ್ತರಾದವರು; ಕಾವು ನೋಡುವ ಚಟ ಬಿಟ್ಟಿರಲಿಲ್ಲ. ನಾವೆಲ್ಲ ಅವರನ್ನು ಪಾಳಿ ಸಾಹೇಬರು ಎನ್ನುತ್ತಿದ್ದೆವು.

ಬ್ಯಾಡಗಿಯ ಒಂದು ಖಾಸಗಿ ಮೆಣಸಿನಕಾಯಿ ಅಂಗಳಕ್ಕೆ ಹರಾಜಿನ ತಂತ್ರಾಂಶ ಒದಗಿಸುವ ಪುಟ್ಟ ಕಂಪನಿ ನಮ್ಮದು. ತಂತ್ರಾಂಶ ಬರೆಯುವ ನಾವು ರಾಣೆಬೆನ್ನೂರಿನಲ್ಲಿ, ಅದನ್ನು ದಿನವೂ ನಡೆಸುವವರು ಬ್ಯಾಡಗಿಯಲ್ಲಿ. ಏನೇ ಕೆಟ್ಟರೂ ಅವರು "ಬರದೋರು ಕೆಡಿಸ್ಯಾರ" ಎನ್ನುವರು, ನಾವು "ನಮ್ಮಲ್ಲಿ ಛಲೋ ನಡೀತೈತಿ" ಎಂದು ಫೋನಿಡುವೆವು. ಪಾಳಿ ಸಾಹೇಬರು ಬಂದದ್ದು ಈ ಎರಡು ಕಡೆಯನ್ನೂ ನೋಡಿಕೊಳ್ಳಲು.

ಲೋಕದ ತುಂಬ ಇದೇ ಜಗಳವಿತ್ತೆಂದೂ, ಬರೆಯುವವರು ನಡೆಸುವವರು ಒಂದೇ ತಂಡವಾಗಬೇಕೆಂದು ಬೆಲ್ಜಿಯಂನಲ್ಲಿ ಕೆಲವರು ಸಭೆ ಸೇರಿದಾಗ ಅದಕ್ಕೆ ಡೆವ್‌ಆಪ್ಸ್ ಎಂಬ ಹೆಸರು ಬಂತೆಂದೂ, ಅದರ ಬೇರು ಯಾವ ಕಾರ್ಮಿಕನಾದರೂ ಹಗ್ಗ ಜಗ್ಗಿ ಕೆಲಸ ನಿಲ್ಲಿಸಬಹುದಾಗಿದ್ದ ಜಪಾನಿನ ಕಾರ್ಖಾನೆಗಳಲ್ಲಿದೆಯೆಂದೂ ಓದಿಕೊಂಡು ಹೋಗಿ ನಾನು ದೊಡ್ಡ ಪಂಡಿತೆಯಂತೆ ಅವರಿಗೆ ಒಪ್ಪಿಸಿದೆ.

"ಹೆಸರು ಈಗ ಗೊತ್ತಾತವಾ" ಎಂದರು. "ನಾವು ಪಾಳಿ ಬಿಡಾಂವ, ಪಾಳಿಗೆ ಬರಾಂವ, ಇಬ್ಬರೂ ಒಂದ ಮಶೀನಿನ ಮ್ಯಾಲೆ ಕೈ ಇಡತಿದ್ವಿ. ಅಲ್ಲೀತನಕ ಯಾರೂ ಮನೀಗೆ ಹೋಗಂಗಿರಲಿಲ್ಲ."

ಮರುವಾರವೇ ನೇಮ ಮಾಡಿದರು. ಹೊಸ ತಂತ್ರಾಂಶ ಹಚ್ಚುವ ದಿನ ಅದನ್ನು ಬರೆದವರು ಬ್ಯಾಡಗಿಯಲ್ಲೇ ಕೂರಬೇಕು. ಅಲ್ಲಿನ ಕೋಣೆಯ ಕಿಟಕಿಗೆ ಎತ್ತಿನ ಕೊರಳಗಂಟೆಯೊಂದನ್ನು ಕಟ್ಟಿ, ಅನುಮಾನ ಬಂದ ಯಾರೇ ಅದನ್ನು ಬಾರಿಸಿದರೂ ಹರಾಜು ನಿಲ್ಲಬೇಕೆಂದರು. ನಾವು ಮರೆಯಲ್ಲಿ ನಕ್ಕೆವು.

ಅಲ್ಲಿಯವರೆಗೆ ಹರಾಜನ್ನು ಮುಗಿಸುತ್ತಿದ್ದವನು ಯಂತ್ರದ ಮುಂದೆ ಕೂರುವ ಆಪರೇಟರ್, ತನ್ನ ಕೈಗಡಿಯಾರ ನೋಡಿ ಗುಂಡಿ ಒತ್ತಿ. ನಾನು ಅದನ್ನು ಯಂತ್ರವೇ ಸಮಯ ನೋಡಿ ಮುಗಿಸುವಂತೆ ಬದಲಾಯಿಸಿದೆ. ನನ್ನ ಕಂಪ್ಯೂಟರಿನಲ್ಲಿ ಹತ್ತು ಸಲ ಪರೀಕ್ಷಿಸಿದ್ದೆ. ಆದರೂ ಅದನ್ನು ಹಚ್ಚುವ ದಿನ ಅಂಜುತ್ತಲೇ ಬ್ಯಾಡಗಿಗೆ ಹೋಗಿ ಕೂತೆ. ಹಿಂದಿನ ತಿಂಗಳಷ್ಟೇ ನಮ್ಮ ಕಂಪನಿಯ ಮಾಲೀಕರು ಒಂದು ತಪ್ಪಿಗೆ ನನ್ನ ಪಕ್ಕ ಕೂರುತ್ತಿದ್ದವಳನ್ನು ಕೆಲಸದಿಂದ ಬಿಡಿಸಿದ್ದರು.

ಒಂದು ಗಂಟೆಗೆ ಮುಗಿಯಬೇಕಾದ ಹರಾಜು ಹತ್ತು ನಿಮಿಷ ಮೊದಲೇ ಮುಗಿದುಬಿಟ್ಟಿತು. ಖರೀದಿದಾರರು ನಿಜವಾದ ದರ ಹಾಕುವುದೇ ಆ ಕಡೆಯ ಹತ್ತು ನಿಮಿಷದಲ್ಲಿ. ಕಡಿಮೆ ದರಗಳೇ ಸಾಲುಸಾಲಾಗಿ ದೊಡ್ಡ ಪರದೆಯ ಮೇಲೆ ಮೂಡತೊಡಗಿದವು. ಗುತ್ತಲದಿಂದ ಆರು ಚೀಲ ತಂದಿದ್ದ ಹೆಂಗಸೊಬ್ಬಳು ತನ್ನ ದರ ನೋಡಿ ಚೀಲದ ಮೇಲೆಯೇ ಕುಸಿದು ಕೂತಳು.

ಗಂಟೆ ನನ್ನ ಕೈಯಳತೆಯಲ್ಲೇ ಇತ್ತು. ಬಾರಿಸಿದರೆ ತಪ್ಪು ನನ್ನದೆಂದು ಊರಿಗೆಲ್ಲ ಸಾರಿದಂತೆ. ತಾನಾಗಿಯೇ ಸರಿಹೋದೀತು ಎಂದು ಪರದೆಯನ್ನೇ ನೋಡುತ್ತ ಕೂತೆ. ಕಡಿಮೆ ದರಗಳು ಮೂಡುತ್ತಲೇ ಇದ್ದವು. ಆಮೇಲೆ ಬಾರಿಸಿದೆ.

ಸಾಹೇಬರು ಓಡಿ ಬಂದು ಹಳೆಯದನ್ನೇ ಮತ್ತೆ ಹಚ್ಚಿಸಿ, ಬಂದ ದರ ರದ್ದು ಮಾಡಿಸಿ, ಹರಾಜನ್ನು ಮತ್ತೆ ಇಡಿಸಿದರು. ಸಿಟ್ಟಿಗೆದ್ದ ಜನರೆದುರು ಕೈಮುಗಿದು ನಿಂತವರೂ ಅವರೇ, ನಾನಲ್ಲ. ಮಾಲೀಕರ ಫೋನು ಬಂತು. ಯಾರ ತಪ್ಪು ಎಂದು ಕೇಳಿರಬೇಕು.

"ಯಾರು ಅನ್ನೂದು ಬಿಡ್ರಿ. ಹೆಂಗಾತು ಅನ್ನೂದು ಸಂಜೀಕ ಹೇಳತೇನಿ" ಎಂದು ಸಾಹೇಬರು ಫೋನಿಟ್ಟರು.

ನನ್ನನ್ನೂ ಆಪರೇಟರನನ್ನೂ ಎದುರು ಕೂರಿಸಿಕೊಂಡರು. ಅವನು ತಲೆ ತಗ್ಗಿಸಿ ಹೇಳಿದ: "ಮಂದಿ ಲಗೂ ಬರ್ಲಿ ಅಂತ ಗ್ವಾಡಿ ಗಡಿಯಾರ ಹತ್ತ ನಿಮಿಷ ಮುಂದ ಇಟ್ಟೇವ್ರಿ. ಕಂಪ್ಯೂಟರಿಗೂ ಅದ ಟೈಮ್ ಇಟ್ಟೇನಿ." ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಸಾಹೇಬರು ಎರಡೂ ಗಡಿಯಾರ ಸರಿಮಾಡಿಸಿ, ಇಬ್ಬರ ಕೈಯನ್ನೂ ಆ ಯಂತ್ರದ ಮೇಲೆ ಇಡಿಸಿದರು. ನನ್ನ ಕೆಲಸ ಉಳಿಯಿತು.

ಹೋದ ವರ್ಷ ಹಾವೇರಿಯ ಆಸ್ಪತ್ರೆಯಲ್ಲಿ ಅವರನ್ನು ಕಾಣಲು ಹೋದೆ. ಅಂಗೈ ಮಂಚದ ಕಬ್ಬಿಣದ ಮೇಲಿತ್ತು.

"ಅವತ್ತ ನೀ ನಾಕ ನಿಮಿಷ ತಡಾ ಮಾಡಿದ್ದಿ" ಎಂದರು. "ಯಂತ್ರದ ದಾಖಲೆದಾಗ ನೋಡಿದ್ನಿ."

ಇಷ್ಟು ವರ್ಷ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ. ನಾಚಿಕೆಯಿಂದ ಅಳು ಬಂತು.

"ಅಳಬ್ಯಾಡ. ಗಂಟಿ ಕಟ್ಟಿದಾಂವ ನಾನು. ಬಾರಸಾಕ ನಿನಗ ಅಂಜಿಕಿ ಬಂತಂದ್ರ ನಾ ಕಟ್ಟಿದ್ದು ಸರಿ ಆಗಿಲ್ಲ. ಅದನ್ನ ರಿಪೇರಿ ಮಾಡೂದು ಉಳೀತು ನೋಡು."

ಅದೇ ವಾರ ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಹೊಸದಾಗಿ ಯಾರೇ ಕೆಲಸಕ್ಕೆ ಸೇರಲಿ, ಮೊದಲ ದಿನವೇ ಬ್ಯಾಡಗಿಗೆ ಕರೆದೊಯ್ದು, ಹರಾಜು ನಡೆಯುತ್ತಿರುವಾಗ ಯಾವ ಕಾರಣವೂ ಇಲ್ಲದೆ ಅವರ ಕೈಯಿಂದಲೇ ಗಂಟೆ ಬಾರಿಸುವಂತೆ ಮಾಡುತ್ತೇನೆ. ಹರಾಜು ನಿಲ್ಲುತ್ತದೆ, ಮಂದಿ ಬೈಯುತ್ತಾರೆ, ಮಾಲೀಕರ ಫೋನು ಬರುತ್ತದೆ. ನನಗೆ ಇಂದಿಗೂ ಅಂಜಿಕೆಯಾಗುತ್ತದೆ. ಆದರೂ ಬಾರಿಸಲು ಹೇಳುತ್ತೇನೆ.