ಹೊನವಾಡದಲ್ಲಿ ಸಿಕ್ಕ ಪದವಿ

ಇಬ್ರಾಹಿಂಪುರದ ಗುರುಪಾದಯ್ಯನವರ ಒಬ್ಬನೇ ಮಗ ಬಸಲಿಂಗಯ್ಯ. ಮೆಟ್ರಿಕ್ ಪಾಸಾದ ಮೇಲೆ ಅವನು ಪುಣೆಗೆ ಹೋಗಿ ಸಮಾಜಸೇವೆಯ ಪದವಿ ಓದುತ್ತೇನೆಂದು ಹಟ ಹಿಡಿದು ಕುಳಿತಾಗ, ಅದೆಂಥ ಓದು ಎಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ವಕೀಲಿ ಗೊತ್ತಿತ್ತು. ಡಾಕ್ಟರಿಕೆ ಗೊತ್ತಿತ್ತು. ಮಂದಿಗೆ ಉಪಕಾರ ಮಾಡಲಿಕ್ಕೂ ಮೂರು ವರ್ಷ ಓದಿ ಪರೀಕ್ಷೆ ಬರೆಯಬೇಕು ಎನ್ನುವುದು 1943ರ ವಿಜಾಪುರಕ್ಕೆ ಹೊಸ ಸುದ್ದಿ.

"ಮಂದಿ ನಮ್ಮ ಸೇವಾ ಮಾಡ್ತಾರ, ನಾವು ಅವರಿಗೆ ಆಶೀರ್ವಾದ ಮಾಡ್ತೇವಿ. ಏಳು ತಲಿಯಿಂದ ಹಿಂಗ ನಡದಬಂದೈತಿ," ಎಂದರು ಗುರುಪಾದಯ್ಯನವರು. "ನೀ ಹೋಗಿ ಅದನ್ನ ಉಲ್ಟಾ ಮಾಡಾಂವೇನು?"

ಉಲ್ಟಾ ಮಾಡಬೇಕೆಂಬುದೇ ಬಸಲಿಂಗಯ್ಯನ ಆಸೆಯಾಗಿತ್ತು. ಅವರದು ಅಯ್ಯನವರ ಮನೆತನ. ಪ್ರತಿ ಸೋಮವಾರ ತಂದೆ ಹೆಗಲಿಗೆ ಜೋಳಿಗೆ ಹಾಕಿಕೊಂಡು ಭೂತನಾಳದವರೆಗೆ ಭಕ್ತರ ಮನೆಗಳಿಗೆ ಹೋಗುವರು. ಹೆಣ್ಣುಮಕ್ಕಳು ಪಾದಕ್ಕೆ ನೀರು ಹಾಕಿ, ನಮಸ್ಕರಿಸಿ, ಜೋಳಿಗೆಗೆ ಒಂದೊಂದು ಬೊಗಸೆ ಜೋಳದ ಹಿಟ್ಟು ನೀಡುವರು. ಶಾಲೆಯ ಗೆಳೆಯರು ಇವನನ್ನು 'ಹಿಟ್ಟಿನ ಅಯ್ಯ' ಎಂದು ಕರೆದದ್ದು ಅವನಿಗೆ ಇನ್ನೂ ಚುಚ್ಚುತ್ತಿತ್ತು. ಕೊನೆಗೆ ತಂದೆ ಒಪ್ಪಿದ್ದು ಒಂದೇ ಕರಾರಿನ ಮೇಲೆ. ಪಾಸಾದರೆ ಅವನ ದಾರಿ ಅವನಿಗೆ. ನಪಾಸಾದರೆ ತೆಪ್ಪಗೆ ಬಂದು ಜೋಳಿಗೆ ಹೆಗಲಿಗೇರಿಸಬೇಕು. ತಾಯಿ ಕಾಶಿಬಾಯಿ ಇಬ್ಬರಿಗೂ ಗೊತ್ತಾಗದ ಹಾಗೆ ಎರಡಕ್ಕೂ ಹರಕೆ ಹೊತ್ತಳು.

ಪುಸ್ತಕದ ಓದು ಸಲೀಸಾಗಿ ಮುಗಿಯಿತು. ತೊಡಕು ಬಂದದ್ದು ಮೂರನೆಯ ವರ್ಷ, 1946ರ ಜನವರಿಯಲ್ಲಿ. ಕೊನೆಯ ಪರೀಕ್ಷೆಗೆ ಮುಂಚೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಆರು ವಾರ ಒಂದು ಹಳ್ಳಿಯಲ್ಲಿದ್ದು, ಮೂವತ್ತು ಮನೆಗಳ ಕುಂದುಕೊರತೆಯನ್ನು ಫಾರಮ್ಮುಗಳಲ್ಲಿ ಬರೆದು, ಒಬ್ಬರಿಗಾದರೂ ನೆರವಾಗಿ ತೋರಿಸಬೇಕಿತ್ತು. ಆ ನೆರವಿಗೂ ಒಂದು ಶಿಸ್ತು. ಹುಕುಂ ಮಾಡಬಾರದು, ಉಪದೇಶ ಹೇಳಬಾರದು; ಎದುರಿನವರ ಮಾತು ಕೇಳಿ, ಅವರ ತೀರ್ಮಾನವನ್ನು ಅವರೇ ಮಾಡಲು ಬಿಡಬೇಕು. ಬಸಲಿಂಗಯ್ಯನಿಗೆ ಇದೆಲ್ಲ ಬಾಯಿಪಾಠ. ಅವನು ಬೇಕೆಂದೇ ತಿಕೋಟಾ ಸೀಮೆಯ ಹೊನವಾಡವನ್ನು ಆರಿಸಿಕೊಂಡ. ಅಲ್ಲಿ ತಂದೆಯ ಭಕ್ತರು ಒಬ್ಬರೂ ಇರಲಿಲ್ಲ.

ಆದರೆ ಹೆಸರಿನ ಕೊನೆಗೆ 'ಅಯ್ಯ' ಇದ್ದ ಮೇಲೆ ಭಕ್ತರಿಗೇನು ಬರ? ಹೊನವಾಡದಲ್ಲಿ ಅವನಿಗೆ ಇಳಿದುಕೊಳ್ಳಲು ಪಡಸಾಲೆ ಕೊಟ್ಟ ಒಕ್ಕಲಿಗ ಗೊಲ್ಲಾಳಪ್ಪ ಮೊದಲ ದಿನವೇ ಹೆಸರು ಕೇಳಿ ಊರಿಗೆಲ್ಲ ಹೇಳಿಬಿಟ್ಟಿದ್ದ. ಅದರ ಮೇಲೆ ಪುಣೆಯ ಸಂಸ್ಥೆ ಕೊಟ್ಟ ಖಾದಿ ಚೀಲ ಬೇರೆ ಹೆಗಲಿನಲ್ಲಿತ್ತು. ಮೊದಲ ಮನೆಯಲ್ಲಿ ನೀಲಾಬಾಯಿ ಎಂಬ ಮುದುಕಿ ಅವನ ಕಾಲಿಗೆ ನೀರು ಸುರಿದು, ಮಣೆ ಹಾಕಿ ಕೂರಿಸಿದಳು. ಅವನು ಫಾರಮ್ಮು ತೆಗೆಯಲೆಂದು ಚೀಲದ ಬಾಯಿ ಅಗಲಿಸಿದ. ಆಕೆ ಭಕ್ತಿಯಿಂದ ಅದರೊಳಗೆ ಒಂದು ಬೊಗಸೆ ಹಿಟ್ಟು ಸುರಿದಳು.

ಹಿಟ್ಟು ಕೊಡವಿ ಅವನು ಕೇಳಿದ: "ಮನ್ಯಾಗ ಏನರ ಕೊರತಿ ಐತೇನವ್ವಾ?"

"ನಿಮ್ಮ ಪಾದ ಬಂದ ಮ್ಯಾಲ ಕೊರತಿ ಎಲ್ಲಿದ್ರಿ ಯಪ್ಪಾ!"

ಹಿಂದಿನ ಗೋಡೆ ಅರ್ಧ ಕುಸಿದು ಆಕಾಶ ಕಾಣುತ್ತಿತ್ತು. ಅಯ್ಯನವರು ಬಾಗಿಲಿಗೆ ಬಂದಾಗ ಇಲ್ಲ ಎನ್ನುವ ಮಾತು ಬಾಯಲ್ಲಿ ಬರಬಾರದು, ಬಂದರೆ ಅದೇ ನಿಜವಾಗಿ ಮನೆಯಲ್ಲಿ ನಿಲ್ಲುತ್ತದೆ ಎಂಬುದು ಆ ಊರಿನ ನಂಬಿಕೆ. ಮೂವತ್ತು ಮನೆಗಳಲ್ಲೂ ಇದೇ ಉತ್ತರ ಸಿಕ್ಕಿತು. ಮಲೇರಿಯಾ ಜ್ವರದಲ್ಲಿ ಗಡಗಡ ನಡುಗುತ್ತಿದ್ದವನೂ ಕಂಬಳಿಯೊಳಗಿನಿಂದ ಕೈ ಮುಗಿದು ಎಲ್ಲ ಸುಖವಾಗಿದೆ ಎಂದ. ಮೂವತ್ತು ಫಾರಮ್ಮಿನಲ್ಲಿ 'ಕೊರತೆ: ಇಲ್ಲ' ಎಂದು ಬರೆದು ಬರೆದು ಬಸಲಿಂಗಯ್ಯನ ಕೈ ಸೋತಿತು.

"ಹಿಟ್ಟರ ಛಲೋ ಐತಲ್ರಿ ಅಯ್ಯಾರ," ಎಂದು ಗೊಲ್ಲಾಳಪ್ಪ ಸಮಾಧಾನ ಹೇಳಿದ. ಅದೇ ಹಿಟ್ಟಿನ ರೊಟ್ಟಿಯನ್ನು ಇಬ್ಬರೂ ನಾಲ್ಕು ವಾರ ತಿಂದರು.

ಅಂಚೆಯಲ್ಲಿ ಕಳಿಸಿದ ಫಾರಮ್ಮುಗಳನ್ನು ನೋಡಿದ ಪುಣೆಯ ಗುರುಗಳು ಕಾಗದ ಬರೆದರು. ಕೊರತೆಯೇ ಇಲ್ಲದ ಊರನ್ನು ತಾವು ಈವರೆಗೆ ಕಂಡಿಲ್ಲ. ಒಬ್ಬರ ಸಮಸ್ಯೆಯನ್ನಾದರೂ ಬಗೆಹರಿಸಿ, ಅವರ ಹೆಬ್ಬೆಟ್ಟಿನ ಗುರುತಿನೊಂದಿಗೆ ವರದಿ ಕಳಿಸತಕ್ಕದ್ದು. ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲಾಗದು. ಉಳಿದದ್ದು ಎರಡೇ ವಾರ.

ಅಂಥ ಹೊತ್ತಿಗೆ ಊರ ಹೊರಗಿನ ಕುರಿಹಟ್ಟಿಯಿಂದ ಸಕ್ರವ್ವ ಬಂದು ಪಡಸಾಲೆಯ ಕೆಳಗೆ ನಿಂತಳು. ಕೈ ಮುಗಿದು ನೇರವಾಗಿ ಹೇಳಿದಳು: "ಅಯ್ಯಾರ, ನನಗ ಕೊರತಿ ಐತ್ರಿ."

ಬಸಲಿಂಗಯ್ಯನಿಗೆ ಆಕೆಯ ಕಾಲಿಗೇ ಬೀಳಬೇಕೆನಿಸಿತು. ಕೊರತೆ ಇಷ್ಟೆ: ಮಗಳು ಭೀಮಾಬಾಯಿ ಬಬಲೇಶ್ವರದ ಗಂಡನ ಮನೆಯಿಂದ ಬಂದು ಎರಡು ವರ್ಷವಾಗಿತ್ತು. ಅತ್ತೆ ಕಾಳವ್ವನಿಗೂ ಆಕೆಗೂ ಆಗಿಬರಲಿಲ್ಲ. ಗಂಡ ಅಮಸಿದ್ದ ಕರೆಯಲು ಬಂದಿರಲಿಲ್ಲ. ಊರ ಮಂದಿಯ ಬಾಯಿಗೆ ಸಕ್ರವ್ವ ಸಾಕಾಗಿ ಹೋಗಿದ್ದಳು. "ಮಗಳು ತನ್ನ ಮನಿ ಸೇರುವಂಗ ಮಾಡ್ರಿ. ನಿಮ್ಮದೊಂದು ಮಾತಾದ್ರ ಸಾಕು."

"ನಾ ಮಾತು ಹೇಳಾಂವ ಅಲ್ಲವ್ವಾ, ಕೇಳಾಂವ," ಎಂದ ಬಸಲಿಂಗಯ್ಯ ಗಂಭೀರವಾಗಿ. ಸಕ್ರವ್ವನಿಗೆ ಅದು ಅರ್ಥವಾಗಲಿಲ್ಲ. ದೊಡ್ಡವರ ಮಾತು ಹೀಗೇ ಇರುತ್ತದೆಂದುಕೊಂಡು ಮತ್ತೊಮ್ಮೆ ಕೈ ಮುಗಿದಳು.

ಅವನು ಹಟ್ಟಿಗೆ ಹೋದ. ಭೀಮಾಬಾಯಿ ಅಂಗಳದಲ್ಲಿ ಕುಳಿತು ಉಣ್ಣೆ ನೂಲುತ್ತಿದ್ದಳು. ಎದ್ದು ಕಂಬಳಿ ಹಾಸಿ, ನಮಸ್ಕರಿಸಿ, ಮತ್ತೆ ತನ್ನ ಕೆಲಸಕ್ಕೆ ಕೂತಳು. ಅವನು ಸಕ್ರವ್ವನ ಮಾತನ್ನು ಎರಡು ತಾಸು ಕೇಳಿ ಆರು ಪುಟ ಬರೆದುಕೊಂಡ. ಮಗಳ ಬಗ್ಗೆ 'ದುಃಖದಿಂದ ಮೌನವಾಗಿದ್ದಾಳೆ' ಎಂದು ಒಂದು ಸಾಲು ಬರೆದ.

ಆಮೇಲೆ ಶುರುವಾಯಿತು ಬಬಲೇಶ್ವರದ ಯಾತ್ರೆ. ತಿಕೋಟಾದವರೆಗೆ ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು, ಅಲ್ಲಿಂದ ಸಿಕ್ಕ ಚಕ್ಕಡಿ. ಹೊನವಾಡದ ಪಾಠ ಕಲಿತಿದ್ದ ಅವನು ಇಲ್ಲಿ ಜಾಣತನ ಮಾಡಿ ತನ್ನ ಹೆಸರನ್ನೇ ಹೇಳಲಿಲ್ಲ. ಪುಣೆಯಿಂದ ಬಂದ ಸಮಾಜಸೇವಕ ಎಂದಷ್ಟೇ ಹೇಳಿದ. ಕಾಳವ್ವ ಅವನನ್ನು ಜೋಳದ ವಸೂಲಿಗೆ ಬಂದ ರೇಷನ್ ಇಲಾಖೆಯವನೆಂದು ತಿಳಿದು, ಮನೆಯಲ್ಲಿ ಒಂದು ಸೇರು ಜೋಳವೂ ಇಲ್ಲವೆಂದು ಆಣೆ ಮಾಡಿದಳು. ಅಮಸಿದ್ದನನ್ನು ಕೇಳಿದರೆ "ಅವ್ವ ಹೇಳಿದಂಗ ರೀ" ಎಂಬುದೊಂದೇ ಮಾತು. ಎರಡನೆಯ ಸಲ ಹೋದಾಗ ಕಾಳವ್ವ ಸೊಸೆಯ ತಪ್ಪುಗಳನ್ನು ಮದುವೆಯ ದಿನದಿಂದ ಹೇಳುತ್ತ ಬಂದಳು. ಬಸಲಿಂಗಯ್ಯ ಶಿಸ್ತಿನಿಂದ ಕೇಳಿದ. ಕೇಳಿದಷ್ಟೂ ತಪ್ಪುಗಳು ಹೆಚ್ಚಾದವು.

ಮೂರನೆಯ ಸಲ ಹೋದಾಗ ಆರು ವಾರ ಮುಗಿಯಲು ಐದೇ ದಿನ ಉಳಿದಿದ್ದವು. ಕಾಳವ್ವ ಮತ್ತೆ ಮದುವೆಯ ದಿನದಿಂದ ಶುರು ಮಾಡಿದಳು. ಹೆಗಲ ಮೇಲೆ ಜೋಳಿಗೆ ಬಂದು ಕೂತ ಹಾಗೆ ಅನಿಸಿ ಬಸಲಿಂಗಯ್ಯನ ತಾಳ್ಮೆ ಕಡಿದುಹೋಯಿತು. ಮೂರು ವರ್ಷದ ಓದು ಒಂದು ಗಳಿಗೆಯಲ್ಲಿ ನೀರು ಪಾಲಾಯಿತು.

"ಸಾಕ್ ಮಾಡಬೇ! ಇಬ್ರಾಹಿಂಪುರದ ಗುರುಪಾದಯ್ಯನವರ ಮಗಾ ಅದೇನಿ ನಾ. ನಾಳೆ ಗಾಡಿ ಹೂಡಿ ಸೊಸಿನ್ನ ಕರಕೊಂಡು ಬರ್ರಿ. ಇದು ನನ್ನ ಮಾತು!"

ಕಾಳವ್ವ ಗಕ್ಕನೆ ಎದ್ದು ತಂಬಿಗೆ ನೀರು ತಂದು ಅವನ ಪಾದಕ್ಕೆ ಸುರಿದಳು. "ಅಯ್ಯಾರ್ ಅಂತ ಮೊದಲ ಹೇಳಬಾರದೇನ್ರಿ ಯಪ್ಪಾ? ಸುಮ್ಮನ ಮೂರು ಸಲ ತಿರಗ್ಯಾಡಿಸಿದ ಪಾಪಾ ಬಂತಲ್ರಿ ನಮಗ!"

ಮಾರನೆಯ ದಿನ ಮಧ್ಯಾಹ್ನಕ್ಕೆ ಅಮಸಿದ್ದನ ಗಾಡಿ ಹೊನವಾಡದಲ್ಲಿತ್ತು. ಅದರ ಮರುದಿನ ಸಂಜೆಯೊಳಗೆ ಭೀಮಾಬಾಯಿ ಬಬಲೇಶ್ವರದಲ್ಲಿದ್ದಳು. ಸಕ್ರವ್ವ ಆನಂದದಿಂದ ಅತ್ತಳು. ಗೊಲ್ಲಾಳಪ್ಪ ಹೋಳಿಗೆ ಮಾಡಿಸಿದ. ಬಸಲಿಂಗಯ್ಯ ಹೋಳಿಗೆ ತಿಂದು ವರದಿ ಬರೆಯಲು ಕೂತ. ಹುಕುಂ ಮಾಡಿದೆನೆಂದು ಬರೆದರೆ ನಪಾಸು ಖಂಡಿತ. ಅದಕ್ಕೆ, ಸದರಿ ಭೀಮಾಬಾಯಿ ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಬಿಚ್ಚಿ ಹೇಳಿದಳೆಂದೂ, ಸಾಕಷ್ಟು ವಿಚಾರ ಮಾಡಿ ಸ್ವಂತ ಇಚ್ಛೆಯಿಂದ ಗಂಡನ ಮನೆಗೆ ಹೋದಳೆಂದೂ ಇಂಗ್ಲಿಷಿನಲ್ಲಿ ಅಂದವಾಗಿ ಬರೆದ. ಇನ್ನು ಆಕೆಯ ಹೆಬ್ಬೆಟ್ಟೊಂದು ಬಿದ್ದರೆ ಮುಗಿಯಿತು.

ಅವನು ಬಬಲೇಶ್ವರ ಮುಟ್ಟಿದಾಗ ಕಾಳವ್ವ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಭೀಮಾಬಾಯಿ ಎರಡು ಕೊಡ ನೀರು ಹೊತ್ತು ಬಂದು ಇಳಿಸಿ, ಸೆಗಣಿಯ ಬುಟ್ಟಿಗೆ ಕೈ ಹಾಕುವುದರಲ್ಲಿದ್ದಳು. ಇವನನ್ನು ಕಂಡು ಕೈ ತೊಳೆದು ಬಂದು ನಮಸ್ಕರಿಸಿದಳು. ಅವನು ಕಾಗದ ಚಾಚಿದ.

"ಇದರಾಗ ಏನ್ ಬರದೀರಿ ಅಯ್ಯಾರ?"

ಆಕೆಯ ದನಿಯನ್ನು ಅವನು ಕೇಳಿದ್ದು ಅದೇ ಮೊದಲು. ಸುಳ್ಳು ಹೇಳಲು ಬಾಯಿ ಬರದೆ, ಬರೆದದ್ದನ್ನು ಕನ್ನಡದಲ್ಲಿ ಹೇಳಿದ.

ಭೀಮಾಬಾಯಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ನನ್ನ ಮನಸ್ಸಿನಾಗ ಏನೈತಿ ಅಂತ ಯಾರ್ ಕೇಳ್ಯಾರ್ರಿ? ಅಲ್ಲಿ ನನ್ನವು ಹನ್ನೆರಡು ಕುರಿ ಇದ್ದೂ. ನೂಲು ತಗೀತಿದ್ನಿ, ನನ್ನ ಪಾಡಿಗೆ ನಾ ಇದ್ನಿ. ಇವರಿಗೆ ದುಡಿಯಾಕ ಒಂದಾಳು ಬೇಕಾಗಿತ್ತು. ಗಾಡಿ ಬಂತು, ಅಯ್ಯಾರ ಮಾತು ಆಗೇತಿ ಅಂದ್ರು. ಅಯ್ಯಾರ ಮಾತು ಮೀರಾಕ ಬರತೈತೇನ್ರಿ? ಬಂದ್ನಿ."

ಬಸಲಿಂಗಯ್ಯನಿಗೆ ಮುಖವೆತ್ತಿ ನೋಡಲಾಗಲಿಲ್ಲ. ತಾನು ಕೆಟ್ಟ ಕೆಲಸ ಮಾಡಿದ್ದೇನೆಂದು ಅವನಿಗೆ ಅನುಮಾನಕ್ಕೆಡೆಯಿಲ್ಲದೆ ತಿಳಿಯಿತು. ಈಗಲೂ ಕಾಳವ್ವನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದರೆ ಗಾಡಿ ತಿರುಗಿ ಹೊನವಾಡಕ್ಕೆ ಹೋಗುತ್ತಿತ್ತು. ಅದೂ ಅವನಿಗೆ ತಿಳಿಯಿತು. ಆದರೆ ಗಾಡಿಯ ಜೊತೆಗೇ ಅವನ ವರದಿಯೂ, ಪರೀಕ್ಷೆಯೂ ಹೋಗುತ್ತಿದ್ದವು.

"ಇದಕ್ಕ ಹೆಬ್ಬಟ್ಟು ಬೀಳದಿದ್ರ ಏನಾಗತೈತ್ರಿ?" ಎಂದು ಆಕೆ ಕೇಳಿದಳು.

"ನಾ ನಪಾಸ್ ಆಗ್ತೇನವ್ವಾ."

ಭೀಮಾಬಾಯಿ ಒಂದು ಗಳಿಗೆ ಅವನನ್ನು ನೋಡಿದಳು. ಆಕೆಯ ಮುಖದಲ್ಲಿ ಸಿಟ್ಟು ಇರಲಿಲ್ಲ; ಇದ್ದದ್ದು ಮರುಕ. "ಹಂಗಾದ್ರ ತರ್ರಿ. ಒಬ್ಬರದರ ಕೆಲಸ ಆಗ್ಲಿ," ಎಂದು ಹೆಬ್ಬೆರಳು ಚಾಚಿದಳು.

ಅವನು ಮಸಿಯ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ.

ಜೂನಿನಲ್ಲಿ ಫಲಿತಾಂಶ ಬಂತು. ಬಸಲಿಂಗಯ್ಯ ಮೊದಲ ದರ್ಜೆಯಲ್ಲಿ ಪಾಸಾಗಿದ್ದ. ವರದಿಯೂ ತಿರುಗಿ ಬಂದಿತ್ತು. ಕೆಂಪು ಶಾಯಿಯಲ್ಲಿ ಗುರುಗಳು, ಸಂಬಂಧಪಟ್ಟ ಸ್ತ್ರೀಯ ಇಚ್ಛೆಗೆ ಈ ವಿದ್ಯಾರ್ಥಿ ಕೊಟ್ಟ ಗೌರವ ಎಲ್ಲರಿಗೂ ಮಾದರಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದರು. ಗುರುಪಾದಯ್ಯನವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೆಂಪಕ್ಷರದ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಏನ್ ಬರದಾರೋ?"

"ಪಾಸ್ ಅಂತ ಬರದಾರಪ್ಪಾ," ಎಂದ ಬಸಲಿಂಗಯ್ಯ.