ಫೋನ್ ನಂಬರ್ ಇಲ್ಲದ ಪುಟಗಳು

ನನ್ನ ಮೈದುನ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದಾನೆ. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಮದುವೆಯಾಗಿ ಬಂದ ಹೊಸದರಲ್ಲೇ ಮದ್ದೂರಿನಲ್ಲಿರುವ ನಮ್ಮ ಅತ್ತೆಯ ಅಡುಗೆಮನೆಯನ್ನು ಅಡಿಮೇಲು ಮಾಡಿದಳು. ಸಾರಿನ ಪುಡಿ ಒಲೆಯ ಪಕ್ಕಕ್ಕೆ ಬಂತು, ಹಬ್ಬಕ್ಕೆ ಮಾತ್ರ ಬೇಕಾಗುವ ಪಾತ್ರೆಗಳು ಅಟ್ಟ ಸೇರಿದವು. ಅದಕ್ಕೆ ಮುಂಚೆ ನಾನು ಉಪ್ಪಿನ ಜಾಡಿಯನ್ನು ಒಂದು ಗೇಣು ಸರಿಸಿದರೂ ಅತ್ತೆ ಅದನ್ನು ಹಳೆಯ ಜಾಗಕ್ಕೇ ತಂದಿಡುತ್ತಿದ್ದರು. ಇವಳಿಗೆ ಮಾತ್ರ, ಬಗ್ಗಿ ಏಳುವುದು ತಪ್ಪಿತು ಎಂದು ಹೊಗಳಿಕೆ. ನನಗೆ ಆವತ್ತೇ ಹೊಟ್ಟೆ ಉರಿದಿತ್ತು. ಅಡುಗೆಮನೆ ತಾನೆ, ಹಾಳಾಗಿ ಹೋಗಲಿ ಎಂದುಕೊಂಡೆ.

ಈ ಸಲ ಅವಳು ಕೈಯಿಟ್ಟದ್ದು ನನ್ನ ಕೈಪಿಡಿಗೆ.

ನಾವೊಂದಷ್ಟು ಜನ ಬಿಡುವಿನಲ್ಲಿ ಸೇರಿ ಕನ್ನಡದ ವೆಬ್‌ಸೈಟುಗಳಿಗಾಗಿ ಒಂದು ಥೀಮ್ ಮಾಡಿದ್ದೇವೆ. ಪುಟದ ಬಣ್ಣ, ಅಕ್ಷರದ ಅಂದ, ಮೇಲಿನ ಪಟ್ಟಿ, ಪಕ್ಕದ ಅಂಕಣ, ಹೀಗೆ ಸೈಟಿನ ಉಡುಗೆ ತೊಡುಗೆಯೆಲ್ಲ ಅದರಲ್ಲಿದೆ. ಅದರ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಲೂಬಹುದು. ಬಳಸುವುದು ಹೇಗೆಂದು ತಿಳಿಸುವ ಕೈಪಿಡಿಯನ್ನು ಮಾತ್ರ ನಾನೊಬ್ಬಳೇ ಮಂಡ್ಯದ ಮನೆಯಲ್ಲಿ ಕೂತು ವರ್ಷಗಟ್ಟಲೆ ಬರೆದಿದ್ದೆ. ನನಗೆ ಏನು ಯಾವಾಗ ತಿಳಿಯಿತೋ ಅದೇ ವರಸೆಯಲ್ಲಿ ಬರೆದಿದ್ದೆ. ಪ್ರತಿ ಪುಟದ ಕೊನೆಗೂ ಒಂದು ಸಾಲು: ಅರ್ಥವಾಗದಿದ್ದರೆ ನನಗೆ ಫೋನ್ ಮಾಡಿ. ಕೆಳಗೆ ನನ್ನ ನಂಬರು.

ಜನ ಮಾಡುತ್ತಿದ್ದರು. ಹೊಳಲಿನ ಯುವಕ ಸಂಘದವರು, ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದುಕೊಂಡು ಭತ್ತದ ತಳಿಗಳ ಬಗ್ಗೆ ಬ್ಲಾಗ್ ಬರೆಯುವವರು, ಮಳವಳ್ಳಿ ಕಡೆಯ ಮೇಷ್ಟ್ರು. ಭಾನುವಾರ ಮದ್ದೂರಿಗೆ ಊಟಕ್ಕೆ ಹೋದಾಗಲೂ ಬಲಗೈಯಲ್ಲಿ ಮುದ್ದೆ ಮುರಿಯುತ್ತ, ಎಡಗೈಯಲ್ಲಿ ಫೋನ್ ಹಿಡಿದು, ಮಾಯವಾದ ಅಂಕಣವನ್ನು ಮತ್ತೆ ತರಲು ಮೊದಲು ಯಾವ ಪುಟ, ಆಮೇಲೆ ಅದಕ್ಕೂ ಹಿಂದಿನ ಯಾವ ಪುಟ ಓದಬೇಕೆಂದು ಹೇಳುತ್ತಿದ್ದೆ. ದೊಡ್ಡ ಸೊಸೆ ಇಲ್ಲದಿದ್ದರೆ ಊರವರ ಕೆಲಸವೇ ನಡೆಯುವುದಿಲ್ಲ ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ದೂರುತ್ತಿದ್ದರು. ಆ ದೂರು ಕೇಳಲು ನನಗೆ ಬಲು ಇಷ್ಟವಿತ್ತು.

ಬ್ಲಫ್‌ನ ಕ್ವಾರ್ಟರ್ಸಿನಲ್ಲಿ ಹೊತ್ತು ಹೋಗುವುದಿಲ್ಲ ಎಂದು ಓರಗಿತ್ತಿ ಹೇಳಿದ್ದಕ್ಕೆ ಈ ಕೆಲಸ ಕಲಿಸಿದವಳೂ ನಾನೇ. ಕಲಿತವಳು ಸುಮ್ಮನಿದ್ದಳೇ? ಇಡೀ ಕೈಪಿಡಿಯನ್ನು ಬಿಚ್ಚಿ ಹೊಸದಾಗಿ ಜೋಡಿಸಿದಳು. ಮೊದಲ ಸಲ ಬಂದವರಿಗೆ ಒಂದು ಭಾಗ, ಇಂಥದ್ದೊಂದು ಕೆಲಸ ಆಗಬೇಕು ಎಂದು ಬಂದವರಿಗೆ ಇನ್ನೊಂದು, ಒಳಗಿನ ವಿವರವೆಲ್ಲ ಬೇರೆ ಕಡೆ. ನಮ್ಮ ಗುಂಪಿನಲ್ಲಿ ಅದನ್ನು ತೋರಿಸಿದ್ದೇ ತಡ, ಚಪ್ಪಾಳೆಯ ಚಿತ್ರಗಳ ಮಳೆ. ನನಗೆ ಇಷ್ಟು ವರ್ಷದಲ್ಲಿ ಒಬ್ಬರೂ ಒಂದು ಚಪ್ಪಾಳೆ ಹಾಕಿರಲಿಲ್ಲ.

ಆದರೆ ನಮ್ಮಲ್ಲೊಂದು ಪದ್ಧತಿ ಇದೆ. ಯಾರು ಏನೇ ತಿದ್ದಿದರೂ, ಆ ಭಾಗದ ಹೊಣೆ ಹೊತ್ತವರು ಒಪ್ಪಿಗೆಯ ಗುಂಡಿ ಒತ್ತುವ ತನಕ ಅದು ಸೈಟಿಗೆ ಏರುವುದಿಲ್ಲ. ಕೈಪಿಡಿಯ ಹೊಣೆ ನನ್ನದು. ಅವಳ ಹೆಸರು ಮೇಲೆ ಬರುವುದೂ ಬಾರದಿರುವುದೂ ನನ್ನ ಬೆರಳ ತುದಿಯಲ್ಲಿತ್ತು. ಆ ಸುಖವನ್ನು ಸ್ವಲ್ಪ ದಿನ ಅನುಭವಿಸಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ತಪ್ಪು ಹುಡುಕಲು ಕೂತೆ. ಪುಟಗಳ ವಿಳಾಸವೆಲ್ಲ ಬದಲಾದ ಮೇಲೆ ಜನರ ಹತ್ತಿರ ಇರುವ ಹಳೆಯ ಲಿಂಕುಗಳ ಗತಿ ಏನು ಎಂದು ಗುಂಪಿನಲ್ಲಿ ಎಲ್ಲರೆದುರೇ, ಸಕ್ಕರೆಯಂಥ ಮಾತಿನಲ್ಲಿ ಕೇಳಿದೆ. ಹಳೆಯ ವಿಳಾಸ ಒತ್ತಿದವರು ಸೀದಾ ಹೊಸ ಪುಟಕ್ಕೆ ಬಂದಿಳಿಯುವ ಹಾಗೆ ಅವಳು ಮೊದಲೇ ಮಾಡಿಟ್ಟಿದ್ದಳು. ಮತ್ತೊಂದಷ್ಟು ಚಪ್ಪಾಳೆ ಬಿತ್ತು. ಅದನ್ನು ಪರೀಕ್ಷಿಸುವಾಗಲೇ ನನ್ನ ಕಣ್ಣಿಗೆ ಬಿದ್ದದ್ದು: ಯಾವ ಪುಟದ ಕೊನೆಯಲ್ಲೂ ನನ್ನ ಸಾಲು ಇರಲಿಲ್ಲ.

ಭಾನುವಾರ ಮದ್ದೂರಿನಲ್ಲಿ ಇಬ್ಬರೂ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದೆವು. ನನ್ನ ನಂಬರು ಯಾಕೆ ತೆಗೆದೆ ಎಂದು ಕೇಳಿಯೇಬಿಟ್ಟೆ.

"ನಿಮ್ಗೆ ನೆಮ್ಮದಿಯಾಗಿ ಒಂದ್ ತುತ್ತು ಉಣ್ಣಕ್ಕೂ ಬುಡ್ತಿರ್ಲಿಲ್ವಲ್ಲಕ್ಕ ಜನ. ಅದ್ಕೇ ತಗುದ್ಬುಟ್ಟೆ" ಎಂದಳು.

ಮಾತಿನಲ್ಲಿ ಒಂದಿಷ್ಟು ಕೊಂಕಿದ್ದರೂ ನನಗೆ ಬೈಯಲು ದಾರಿಯಾಗುತ್ತಿತ್ತು. ಇರಲಿಲ್ಲ. "ಒಂದ್ ಪುಟದಲ್ಲಾದ್ರೂ ಇರ್ಲಿ ಬುಡು" ಎಂದೆ.

"ಯಾವ್ ಪುಟದಲ್ಲಿ ಜನಕ್ಕೆ ಗೊತ್ತಾಗಕಿಲ್ಲ, ಹೇಳಿ. ಅಲ್ಲಿ ಆಕ್ಬುಡ್ತೀನಿ."

ಆ ಪುಟವನ್ನು ಹುಡುಕಿದೆ. ಮಂಡ್ಯಕ್ಕೆ ಬಂದು ವಾರವೆಲ್ಲ, ಏನೂ ಗೊತ್ತಿಲ್ಲದವಳ ಹಾಗೆ ಒಂದೊಂದೇ ಪುಟ ಓದಿದೆ. ಮೇಲಿನ ಪಟ್ಟಿಯ ಬಣ್ಣ ಬದಲಿಸುವ ನನ್ನ ಉದ್ದನೆಯ ಪುರಾಣ ಅವಳಲ್ಲಿ ನಾಲ್ಕೈದು ಸಾಲಾಗಿತ್ತು. ಅಷ್ಟೂ ಸಾಲು ನನ್ನವೇ, ಅಲ್ಲಲ್ಲಿಂದ ಆರಿಸಿ ತಂದವು. ಅವಳು ಸ್ವಂತ ಬರೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಎಲ್ಲಾದರೂ ಒಬ್ಬ ಓದುಗ ಎಡವುವ ಜಾಗ ಸಿಗಲಿ ಎಂದು ಕೊನೆಯ ಪುಟದವರೆಗೂ ಹೋದೆ. ಸಿಗಲಿಲ್ಲ. ಒಪ್ಪಿಗೆಯ ಗುಂಡಿ ಒತ್ತಿದೆ.

ಕೆಲವು ವಾರಗಳ ಮೇಲೆ ಮತ್ತೆ ಮದ್ದೂರಿನ ಊಟ. ತಟ್ಟೆಯ ಎಡಕ್ಕೆ, ನೀರಿನ ಲೋಟದ ಪಕ್ಕ ಫೋನ್ ಇಟ್ಟುಕೊಂಡಿದ್ದೆ. ಓರಗಿತ್ತಿ ಬಿಸಿ ಮುದ್ದೆ ತಂದು ಹಾಕಿದಳು. ಮುದ್ದೆ ಮುಗಿಯಿತು, ಅನ್ನಕ್ಕೆ ಬಂದೆ. ಅತ್ತೆ ನನ್ನನ್ನೇ ನೋಡುತ್ತಿದ್ದವರು ಕೇಳಿದರು:

"ಯಾಕವ್ವ, ನಿನ್ ಫೋನು ಕೆಟ್ಟೋಗೈತಾ? ಯಾರೂ ಮಾಡ್ತಾನೇ ಇಲ್ವಲ್ಲ."

ಓರಗಿತ್ತಿ ಸಾರಿನ ಸೌಟು ಹಿಡಿದು ನಿಂತು, ಸಂತೋಷದಿಂದ ನನ್ನ ಮುಖ ನೋಡಿದಳು. ಫೋನ್ ಬಾರದ ಕಾರಣವನ್ನು ನಾನೇ ಹೇಳಲಿ ಎಂದು ಕಾಯುತ್ತಿದ್ದಳು.

"ಹೂಂ ಅತ್ತೆ, ಕೆಟ್ಟೋಗೈತೆ" ಎಂದೆ.